ಎರಡು ನಿಮಿಷದ ವಿಮಾನಯಾನ

ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆಂದು ನೀವು ಕಲಿತಿದ್ದೀರಿ. ಈಗ ಒಂದು ಲೆಕ್ಕ ಮಾಡಿ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 2.7 ಕಿಲೋಮೀಟರ್. ವಿಮಾನದ ವೇಗ ಗಂಟೆಗೆ 240 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಉತ್ತರ ಸುಮಾರು 40 ಸೆಕೆಂಡು. ಆದರೆ ವೇಳಾಪಟ್ಟಿ ಕೊಡುವ ಅವಧಿ 2 ನಿಮಿಷ!

ಈ ನಿಲ್ದಾಣಗಳಿರುವುದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದಲ್ಲಿ. ಒಂದು ವೆಸ್ಟ್ರೇ, ಇನ್ನೊಂದು ಪಾಪಾ ವೆಸ್ಟ್ರೇ. ವೇಳಾಪಟ್ಟಿಯಂತೆ ನಡೆಯುವ ವಿಮಾನಯಾನಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಇದು. ಎಡಿನ್‌ಬರೋ ವಿಮಾನ ನಿಲ್ದಾಣದ ರನ್‌ವೇ ಹೆಚ್ಚುಕಡಿಮೆ ಇಷ್ಟೇ ಉದ್ದವಿದೆ.

ಲೆಕ್ಕ ತಪ್ಪಿದ್ದೆಲ್ಲಿ? ನಮ್ಮ ಸೂತ್ರ ವೇಗ ಒಂದೇ ಸಮನಾಗಿದೆ ಎಂದು ನಂಬುತ್ತದೆ. ನಿಜವಾದ ವಿಮಾನ ಶೂನ್ಯದಿಂದ ವೇಗ ಗಳಿಸಬೇಕು, ಮೇಲೇರಬೇಕು, ಕೂಡಲೇ ಇಳಿಯಲು ವೇಗ ತಗ್ಗಿಸಬೇಕು. ಏರುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಆಗುವುದರಿಂದ ಕೆಲವೊಮ್ಮೆ ಸುತ್ತು ಹಾಕಬೇಕಾಗುತ್ತದೆ. ಎಲ್ಲವೂ ಅನುಕೂಲವಾಗಿ ಒದಗಿದಾಗ ಸ್ಟುವರ್ಟ್ ಲಿಂಕ್ಲೇಟರ್ ಎಂಬ ಪೈಲಟ್ 53 ಸೆಕೆಂಡುಗಳಲ್ಲಿ ಈ ದೂರ ಕ್ರಮಿಸಿದ್ದುಂಟು. ಆಗಿನ ಸರಾಸರಿ ವೇಗವೆಷ್ಟು? ಗಂಟೆಗೆ ಸುಮಾರು 183 ಕಿಲೋಮೀಟರ್!

ಇನ್ನು ಇದರ ಇತಿಹಾಸ. 1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಎಂಬ ವೈಮಾನಿಕ ಇನ್ವರ್ನೆಸ್ ಪಟ್ಟಣದಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ವಿಮಾನ ಸೇವೆ ಆರಂಭಿಸಿದರು. 1934ರಲ್ಲಿ ಅದೇ ಮಾರ್ಗದಲ್ಲಿ ಸಾಮಾನ್ಯ ಅಂಚೆ ದರದಲ್ಲೇ ಪತ್ರಗಳು ಹಾರಿದವು. ಎರಡನೆಯ ಮಹಾಯುದ್ಧ ಬಂದಾಗ ಸಣ್ಣ ದ್ವೀಪಗಳ ಹಾರಾಟ ನಿಂತುಹೋಯಿತು. ಅದಕ್ಕೆ ಮತ್ತೆ ಜೀವ ಬಂದದ್ದು 1967ರಲ್ಲಿ. ಲೋಗನ್‌ಏರ್ ಸಂಸ್ಥೆ ಈ ದ್ವೀಪಗಳ ನಡುವೆ ಸೇವೆ ಆರಂಭಿಸಿದ ವರ್ಷವದು. ಇಲ್ಲಿ ಹೆಸರಾದ ವಿಮಾನ ಐಲ್ಯಾಂಡರ್. 1965ರಲ್ಲಿ ಮೊದಲು ಹಾರಿದ ಈ ಎರಡು ಎಂಜಿನಿನ ಪುಟ್ಟ ವಿಮಾನಕ್ಕೆ ಉದ್ದನೆಯ ರನ್‌ವೇ ಬೇಡ. ಸಹಪೈಲಟ್ ಇಲ್ಲದ ಕಾರಣ ಪೈಲಟ್ಟಿನ ಪಕ್ಕದ ಆಸನದಲ್ಲಿ ಪ್ರಯಾಣಿಕರೂ ಕೂರಬಹುದು.

ಇಷ್ಟು ಹತ್ತಿರಕ್ಕೆ ವಿಮಾನವೇಕೆಂದು ನೀವು ನಗಬಹುದು. 2011ರ ಜನಗಣತಿಯಂತೆ ಪಾಪಾ ವೆಸ್ಟ್ರೇಯಲ್ಲಿದ್ದವರು 90 ಮಂದಿ. ಎರಡು ದ್ವೀಪಗಳ ನಡುವೆ ಸೇತುವೆಯಿಲ್ಲ. ದೋಣಿಯುಂಟು, ಆದರೆ ಅಲ್ಲಿನ ಕಡಲು ದಿನವೂ ಶಾಂತವಾಗಿರುವುದಿಲ್ಲ. ಅಲ್ಲದೆ ಇದು ಒಂಟಿ ಯಾನವೂ ಅಲ್ಲ. ಕರ್ಕ್‌ವಾಲ್‌ನಿಂದ ಹೊರಟು ಎರಡೂ ದ್ವೀಪಗಳನ್ನು ಮುಟ್ಟಿ ಹಿಂದಿರುಗುವ ಮಾರ್ಗದ ಒಂದು ತುಂಡು. ರೋಗಿ ಆಸ್ಪತ್ರೆಗೆ ಹೋಗಬೇಕು, ಶಿಕ್ಷಕರು ಶಾಲೆಗೆ ಬರಬೇಕು. ಇದು ಕೇವಲ ಟಿಕೆಟ್ಟಿನ ಹಣದಿಂದ ನಡೆಯುವ ವ್ಯಾಪಾರವಲ್ಲ. ಸಾರ್ವಜನಿಕ ಹಣದ ಬೆಂಬಲದಿಂದಲೇ ಈ ಸೇವೆ ಉಳಿದಿದೆ.

ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟರೆ ತಿಳಿಯುವುದು ದೂರ ಮಾತ್ರ. ಒಂದು ಊರು ನಿಜವಾಗಿ ಎಷ್ಟು ಹತ್ತಿರವಿದೆ ಎಂದು ತಿಳಿಯಬೇಕಾದರೆ ಅಲ್ಲಿನ ಕಾಯಿಲೆಯವರು ಆಸ್ಪತ್ರೆ ಸೇರಲು ಎಷ್ಟು ಹೊತ್ತಾಗುತ್ತದೆಂದು ಕೇಳಬೇಕು. ನಿಮ್ಮ ಊರಿನ ಬಗ್ಗೆಯೂ ಈ ಪ್ರಶ್ನೆ ಕೇಳಿ ನೋಡಿ.