ಹಲ್ಲು ಮಾರಿದವರು, ಹಲ್ಲು ಕೊಂಡವರು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬುದು ನಮ್ಮ ಹಳೆಯ ಗಾದೆ. ಹದಿನೆಂಟನೆಯ ಶತಮಾನದ ಯೂರೋಪು ಮತ್ತು ಅಮೆರಿಕದ ಸಿರಿವಂತರು ಇದಕ್ಕೊಂದು ಕ್ರೂರ ಪರಿಹಾರ ಕಂಡುಕೊಂಡಿದ್ದರು. ಕಡಲೆ ಇಲ್ಲದವರ ಹಲ್ಲನ್ನೇ ಕೊಂಡು ತಮ್ಮ ಬಾಯಿಗೆ ಕೂಡಿಸಿಕೊಳ್ಳುವುದು!

ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧಿಕಾರ ವಹಿಸಿಕೊಂಡಾಗ ಅವರಿಗೆ ಉಳಿದಿದ್ದುದು ಒಂದೇ ಸ್ವಂತ ಹಲ್ಲು. ಅವರದು ಮರದ ಹಲ್ಲು ಎಂಬುದು ಕಟ್ಟುಕಥೆ. ಅವರ ಹಲ್ಲಿನ ಸೆಟ್ಟುಗಳಿಗೆ ಬಳಕೆಯಾದದ್ದು ನೀರಾನೆಯ ದಂತ, ಸೀಸ ಮತ್ತು ಮನುಷ್ಯರ ಹಲ್ಲುಗಳು. ಅವರ ಎಸ್ಟೇಟಿನ 1784ರ ಲೆಕ್ಕದ ಪುಸ್ತಕದಲ್ಲಿ, ಒಂಬತ್ತು ಹಲ್ಲುಗಳಿಗಾಗಿ 'ನೀಗ್ರೋ'ಗಳಿಗೆ 6 ಪೌಂಡ್ 2 ಷಿಲಿಂಗ್ ಕೊಟ್ಟ ದಾಖಲೆಯಿದೆ. ಹಲ್ಲು ಕೊಟ್ಟವರ ಹೆಸರುಗಳಿಲ್ಲ. ಒಲ್ಲೆ ಎನ್ನುವ ಸ್ವಾತಂತ್ರ್ಯ ಗುಲಾಮರಿಗೆಲ್ಲಿತ್ತು?

ಬದುಕಿದ್ದವರ ಹಲ್ಲು ಸಾಲದಾದಾಗ ಸತ್ತವರ ಸರದಿ. 1815ರ ಜೂನ್ 18ರಂದು ವಾಟರ್‌ಲೂ ರಣರಂಗದಲ್ಲಿ ಮಡಿದ ಸೈನಿಕರ ಹಲ್ಲುಗಳನ್ನು ಕಿತ್ತು ಮಾರಲಾಯಿತು. ತರುಣರ ಗಟ್ಟಿ ಹಲ್ಲುಗಳೆಂದು ಅವಕ್ಕೆ ಒಳ್ಳೆಯ ಬೇಡಿಕೆ. 'ವಾಟರ್‌ಲೂ ಹಲ್ಲು' ಎಂಬ ಹೆಸರೇ ನಿಂತುಹೋಯಿತು.

ಈ ವ್ಯಾಪಾರವನ್ನು ಮೂಲೆಗೆ ತಳ್ಳಿದ್ದು ಕರುಣೆಗಿಂತ ಹೆಚ್ಚಾಗಿ ಪಿಂಗಾಣಿ ಮತ್ತು ರಬ್ಬರ್. ಪಿಂಗಾಣಿ ಹಲ್ಲು ಕೊಳೆಯುವುದಿಲ್ಲ. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ರಬ್ಬರ್ ಹದಗೊಳಿಸುವ ವಿಧಾನದಿಂದ ಗಟ್ಟಿ ರಬ್ಬರೂ ಬಂತು. ಅದನ್ನು ವಸಡಿನ ಅಚ್ಚಿಗೆ ಸರಿಯಾಗಿ ಎರಕ ಹೊಯ್ಯಬಹುದಿತ್ತು. ದಂತಕ್ಕಿಂತ, ಚಿನ್ನಕ್ಕಿಂತ ಅಗ್ಗವೂ ಆಗಿದ್ದರಿಂದ ಹಲ್ಲಿನ ಸೆಟ್ಟು ಸಾಮಾನ್ಯರ ಕೈಗೂ ಎಟುಕಿತು.

ಆದರೂ ಅದು ತೆಗೆದಿಡುವ ಹಲ್ಲು. ಬೇರೂರುವ ಹಲ್ಲಿಗೆ ದಾರಿ ತೆರೆದದ್ದು 1952ರ ಆಕಸ್ಮಿಕ. ಸ್ವೀಡನ್ನಿನ ಸಂಶೋಧಕ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಪ್ರಯೋಗಕ್ಕೆಂದು ಮೊಲದ ಮೂಳೆಯೊಳಗೆ ಟೈಟಾನಿಯಂ ಉಪಕರಣ ಇಟ್ಟಿದ್ದರು. ತೆಗೆಯಲು ಹೋದರೆ ಬರಲೊಲ್ಲದು. ಮೂಳೆ ಲೋಹವನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. 1965ರಲ್ಲಿ ಹುಟ್ಟಿನಿಂದಲೇ ದವಡೆಯ ತೊಂದರೆಯಿದ್ದ ಗೋಸ್ಟಾ ಲಾರ್ಸನ್ ಎಂಬವರಿಗೆ ಟೈಟಾನಿಯಂ ತಿರುಪು ಕೂರಿಸಿ ಹಲ್ಲು ಕಟ್ಟಿದರು. 2006ರಲ್ಲಿ ಅವರು ತೀರಿಕೊಳ್ಳುವವರೆಗೂ ಅವು ಬಾಳಿದವು.

ಹುಳುಕು ತೆಗೆದು, ಬೇರಿನ ಚಿಕಿತ್ಸೆ ಮಾಡಿ, ಉಳಿಯಬಲ್ಲ ಹಲ್ಲಿಗೆ ಕ್ಯಾಪ್ ತೊಡಿಸಿ, ಇಲ್ಲದ ಕಡೆ ಹೊಸದನ್ನು ನೆಟ್ಟು ಇಡೀ ಬಾಯನ್ನೇ ಸರಿಪಡಿಸುವುದು ಈಗ ಸಾಧ್ಯ. ಯಾರ ಹಲ್ಲನ್ನೂ ಕೀಳಬೇಕಾಗಿಲ್ಲ. ಆದರೆ ಬೇರೂರುವ ಹಲ್ಲು ಇಂದಿಗೂ ದುಬಾರಿ. ಹಲ್ಲೂ ಇಲ್ಲದ, ಕಡಲೆಯೂ ಇಲ್ಲದವರ ಸರದಿ ಇನ್ನೂ ಬರಬೇಕಾಗಿದೆ.