ವ್ಯಸನಿ ಗರ್ಭಿಣಿ: ಕಳಂಕ ಕಳೆಯುತ್ತಿರುವ ವೈದ್ಯಕೀಯ

ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು 1890ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ಅದಕ್ಕೂ ಮೊದಲೇ, 1873ರಲ್ಲಿ, ನಾರ್ವೆಯ ಹ್ಯಾನ್ಸನ್ ಈ ರೋಗದ ಬ್ಯಾಕ್ಟೀರಿಯವನ್ನು ಗುರುತಿಸಿದ್ದರು. ಆದರೂ ಕುಷ್ಠ ಪಾಪದ ಫಲವೆಂಬ ನಂಬಿಕೆ ಅಳಿದಿರಲಿಲ್ಲ. ನಿರ್ಗತಿಕ ಕುಷ್ಠರೋಗಿಗಳನ್ನು ಬಂಧಿಸಲು ಅವಕಾಶವಿತ್ತ 1898ರ ಕಾಯಿದೆ ರದ್ದಾದದ್ದು 2016ರಲ್ಲಿ! ಹಿಡಿದೊಯ್ಯುವ ಭಯವಿದ್ದರೆ ರೋಗಿ ಮೈಮೇಲಿನ ಮಚ್ಚೆಯನ್ನು ವೈದ್ಯರಿಗೂ ತೋರಿಸುವುದಿಲ್ಲ.

ವ್ಯಸನಕ್ಕೊಳಗಾದ ಗರ್ಭಿಣಿಯ ವಿಷಯದಲ್ಲಿ ಇದೇ ಕಥೆ ಅಮೆರಿಕದಲ್ಲಿ ನಡೆಯಿತು. ಕೊಕೇನ್ ಬಳಸಿದ ಕೇವಲ 23 ಗರ್ಭಿಣಿಯರ ಅಧ್ಯಯನವೊಂದು 1985ರಲ್ಲಿ ಪ್ರಕಟವಾದದ್ದೇ ತಡ, ಒಂದು ಪೀಳಿಗೆಯೇ ಹಾಳಾಯಿತೆಂದು ಪತ್ರಿಕೆಗಳು ಬೊಬ್ಬಿಟ್ಟವು. 1989ರಲ್ಲಿ ಚಾರ್ಲ್ಸ್‌ಟನ್ ನಗರದ ಸರಕಾರಿ ಆಸ್ಪತ್ರೆ ಗರ್ಭಿಣಿಯರ ಮೂತ್ರ ಪರೀಕ್ಷೆಯ ವರದಿಯನ್ನು ಪೊಲೀಸರಿಗೆ ಕೊಡತೊಡಗಿತು. ಒಪ್ಪಿಗೆಯಿಲ್ಲದ ಇಂಥ ಪರೀಕ್ಷೆ ಸಂವಿಧಾನಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಿತು. ಆ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ಕೊಕೇನಿನ ದುಷ್ಪರಿಣಾಮ ಭಯಪಟ್ಟಷ್ಟು ಇರಲಿಲ್ಲ. ಬಡತನದ ಪಾಲನ್ನು ಅದರಿಂದ ಬೇರ್ಪಡಿಸುವುದೂ ಕಷ್ಟವಾಯಿತು. ಸಣ್ಣ ಮಾದರಿಯಿಂದ ದೊಡ್ಡ ತೀರ್ಮಾನಕ್ಕೆ ಹಾರಿದರೆ ಏನಾಗುತ್ತದೆಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಉದಾಹರಣೆ ಇದು.

ನಮ್ಮಲ್ಲಿ ಕೊಕೇನಿಗಿಂತ ಹತ್ತಿರದ್ದು ಹೊಗೆಸೊಪ್ಪು. ಅಡಿಕೆಯ ನಾಡಾದ ದಕ್ಷಿಣ ಕನ್ನಡದಲ್ಲಿ ಎಲೆಯಡಿಕೆ ಮರ್ಯಾದೆಯ ವಸ್ತು. ಅದರೊಳಗಿನ ತುಂಡು ಹೊಗೆಸೊಪ್ಪನ್ನು ಯಾರೂ ಮಾದಕವೆನ್ನುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ಶೇಕಡ 12.8 ಮಹಿಳೆಯರು ಹೊಗೆರಹಿತ ತಂಬಾಕು ಬಳಸುತ್ತಿದ್ದರು. ಅದರ ನಿಕೋಟಿನ್ ಮಾಸಿನ ಮೂಲಕ ಭ್ರೂಣಕ್ಕೆ ದಾಟುತ್ತದೆ, ಮಾಸಿನ ರಕ್ತಸಂಚಾರವನ್ನೂ ತಗ್ಗಿಸುತ್ತದೆ. ಮುಂಬಯಿಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂಥ ತಾಯಂದಿರ ಶಿಶುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಹೊಗೆಸೊಪ್ಪು ಜಗಿಯುವವಳಿಗೆ ಬುದ್ಧಿವಾದ, ಮದ್ಯ ಕುಡಿಯುವವಳಿಗೆ ಬೈಗುಳ: ಸಮಾಜದ ಈ ತಾರತಮ್ಯಕ್ಕೆ ಶರೀರವಿಜ್ಞಾನದ ಆಧಾರವೇನೂ ಇಲ್ಲ.

ಅಫೀಮು ಜಾತಿಯ ಮದ್ದುಗಳ ವಿಚಾರವಂತೂ ಸೂಕ್ಷ್ಮ. 'ಇವತ್ತೇ ಬಿಡು' ಎಂದು ಗದರಿಸಿ ಥಟ್ಟನೆ ನಿಲ್ಲಿಸಿದರೆ ಭ್ರೂಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಕೊಟ್ಟು ಸ್ಥಿತಿಯನ್ನು ಸಮತೋಲನದಲ್ಲಿಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಸೂಚಿಸಿತು. ಮದ್ಯ ಮತ್ತು ಇತರ ಮಾದಕಗಳ ಬಗ್ಗೆ ಎಲ್ಲ ಗರ್ಭಿಣಿಯರನ್ನೂ ಪ್ರತಿ ತಪಾಸಣೆಯಲ್ಲಿ ಕೇಳಬೇಕೆಂಬುದೂ ಅದರ ಸಲಹೆ. ಎಲ್ಲರನ್ನೂ ಕೇಳಿದಾಗ ಯಾರೊಬ್ಬಳ ಮೇಲೂ ಬೊಟ್ಟು ಮಾಡಿದಂತಾಗುವುದಿಲ್ಲವಲ್ಲ!

ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ, ಮನೋರೋಗಕ್ಕೆ ಒಳರೋಗಿಯಾಗುವ ತಾಯಿಯ ಜೊತೆ ಮಗುವನ್ನೂ ಇರಿಸಿಕೊಳ್ಳುವ ವಿಭಾಗ ತೆರೆಯಿತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಮದ್ಯ, ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯೊಳಗೆ ತಂದಿತು. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆಂದಿತು. ಆದರೆ ಕಾಯಿದೆ ತಲುಪಬೇಕಾದದ್ದು ಮಂಗಳೂರಿನ ಲೇಡಿ ಗೋಶನ್‌ನಂಥ ಸರಕಾರಿ ಹೆರಿಗೆ ಆಸ್ಪತ್ರೆಗಳ ಹೊರರೋಗಿ ವಿಭಾಗದ ಸಾಲಿಗೆ. ಅಲ್ಲಿ ತಾಯಿ ಕಾರ್ಡ್ ಹಿಡಿದು ನಿಂತ ಬಸುರಿಯ ಬೆನ್ನ ಹಿಂದೆ ಅತ್ತೆಯೋ ಗಂಡನೋ ಇರುತ್ತಾರೆ. ಅವರನ್ನು ಒಂದು ನಿಮಿಷ ಹೊರಗೆ ಕೂರಿಸದೆ ಈ ಪ್ರಶ್ನೆ ಕೇಳಿದರೆ ಸಿಗುವ ಉತ್ತರ 'ಇಲ್ಲ' ಎಂಬುದೇ.