ಬೇಲಿ, ಬಂದೂಕು ಮತ್ತು ದೊಡ್ಡರೋಗ

ನಮ್ಮ ರೈತರು ದೊಡ್ಡರೋಗವೆಂದು ಕರೆದ ದನಗಳ ಸೋಂಕು ರಿಂಡರ್‌ಪೆಸ್ಟ್ 1896ರ ಆರಂಭದಲ್ಲಿ ಆಫ್ರಿಕಾದ ಜಾಂಬೆಜಿ ನದಿ ದಾಟಿ ದಕ್ಷಿಣಕ್ಕಿಳಿಯಿತು. ಅದು ಹೊಕ್ಕ ಮಂದೆಯಲ್ಲಿ ಹತ್ತಕ್ಕೆ ಎಂಟೊಂಬತ್ತು ದನ ಸಾಯುತ್ತಿದ್ದವು. ದಕ್ಷಿಣ ಆಫ್ರಿಕಾದಲ್ಲಿದ್ದ ಬ್ರಿಟಿಷರ ಕೇಪ್ ವಸಾಹತಿನ ಉತ್ತರ ಗಡಿಯ ತ್ಸ್ವಾನಾ ಜನರಿಗೆ ದನವೇ ಮದುವೆಯ ತೆರ, ಉಳುಮೆಯ ಬಲ. ಇಲ್ಲದವರಿಗೆ ಸಾಕಲು ಕೊಟ್ಟ ದನದಿಂದಲೇ ಒಡೆಯ ಮತ್ತು ಒಕ್ಕಲಿನ ನಂಟು ಬೆಳೆಯುತ್ತಿತ್ತು. ಆ ಮಂದೆಗಳನ್ನು ಉಳಿಸಲು ಹೊರಟ ಸರ್ಕಾರ ತಂತಿಬೇಲಿಯನ್ನೂ ಪೊಲೀಸರನ್ನೂ ನಂಬಿತು, ದನ ಕಾಯುವವರನ್ನು ಮಾತ್ರ ನಂಬಲಿಲ್ಲ. ಅಲ್ಲಿನ ಅನಾಹುತ ಅಷ್ಟು ದೊಡ್ಡದಾಗಲು ವೈರಾಣುವಿನಷ್ಟೇ ಈ ಅಪನಂಬಿಕೆಯೂ ಕಾರಣ.

1896ರ ಕೊನೆಯಲ್ಲಿ ಆ ಗಡಿಸೀಮೆಯ ಪೊಕ್ವಾನಿಯಲ್ಲಿ, ತ್ಸ್ವಾನಾ ಜನರಿಗೆ ಮೀಸಲಿಟ್ಟ ನೆಲದ ಗಡಿ ದಾಟಿ ಮೇಯುತ್ತಿದ್ದ ದನಗಳನ್ನು ರೋಗ ತಡೆಯುವ ಹೆಸರಿನಲ್ಲಿ ಪೊಲೀಸರು ಗುಂಡಿಟ್ಟು ಕೊಂದರು. ಅಲ್ಲಿನ ತ್ಸ್ವಾನಾ ಮುಖಂಡ ಗಲೆಶೆವೆ ತಿರುಗಿಬಿದ್ದು ಲಾಂಗೆಬರ್ಗ್ ಬೆಟ್ಟಸಾಲಿಗೆ ಸರಿದ. ಇನ್ನೊಬ್ಬ ಮುಖಂಡ ಲೂಕಾ ಯಾಂಟ್ಯಿ ಮತ್ತು ಅವನ ಜನವೂ ಆ ಹೋರಾಟಕ್ಕೆ ಕೂಡಿಕೊಂಡರು. 1897ರ ಜುಲೈ ಕೊನೆಗೆ ಲೂಕಾ ಹತನಾದ. ಸೋತವರ ನೆಲವನ್ನು ಸರ್ಕಾರ ವಶಪಡಿಸಿಕೊಂಡಿತು. ಸೆರೆಸಿಕ್ಕ ಸಾವಿರಾರು ಜನರನ್ನು, ಹೆಂಗಸರು ಮಕ್ಕಳೆನ್ನದೆ, ದೂರದ ಬಿಳಿಯರ ಹೊಲಗಳಿಗೆ ಕರಾರಿನ ಜೀತಕ್ಕೆ ಅಟ್ಟಿತು.

ಸೋಂಕು ತಡೆಯಲು ಆಗ ಬೇರೆ ದಾರಿಯೇ ಇರಲಿಲ್ಲ, 1860ರ ದಶಕದಲ್ಲಿ ಬ್ರಿಟನ್ನೂ ದನ ಕೊಂದೇ ಇದೇ ರೋಗವನ್ನು ಅಡಗಿಸಿತು ಎಂಬ ವಾದವಿದೆ. ಅದರಲ್ಲಿ ಸತ್ಯವಿದೆ. ಅದೇ ವಸಾಹತಿನ ಕಿಂಬರ್ಲಿಯಲ್ಲಿ ಸಂಶೋಧನೆಗೆ ಕುಳಿತ ಜರ್ಮನ್ ವಿಜ್ಞಾನಿ ರಾಬರ್ಟ್ ಕಾಖ್, ರೋಗದಿಂದ ಸತ್ತ ದನದ ಪಿತ್ತರಸವನ್ನು ಆರೋಗ್ಯವಂತ ದನಕ್ಕೆ ಚುಚ್ಚಿ ರೋಗ ತಡೆಯುವ ವಿಧಾನವನ್ನು ಪ್ರಕಟಿಸಿದ್ದು 1897ರ ಫೆಬ್ರವರಿಯಲ್ಲಿ, ಗಲಭೆ ಹೊತ್ತಿಕೊಂಡ ಮೇಲೆ. ಆದರೆ ಬ್ರಿಟನ್ ದನ ಕೊಂದದ್ದರ ಜೊತೆಗೆ ಒಡೆಯನಿಗೆ ಪರಿಹಾರವನ್ನೂ ಕೊಟ್ಟಿತ್ತು. ಪೊಕ್ವಾನಿಯಲ್ಲಿ ಸತ್ತ ದನಗಳ ಅಪರಾಧ ಗೆರೆ ದಾಟಿದ್ದು, ಆ ಗೆರೆಯನ್ನು ಎಳೆದದ್ದೂ ಸರ್ಕಾರವೇ. ದಂಗೆಯ ಬೇರು ನೆಲದ ಪ್ರಶ್ನೆಯಲ್ಲಿತ್ತು, ರೋಗ ನೆಪವಷ್ಟೇ ಎನ್ನುವವರೂ ಇದ್ದಾರೆ. ನೆಲ ಕಳೆದುಕೊಳ್ಳುತ್ತಿದ್ದವರ ಕಣ್ಣಿಗೆ ರೋಗದ ಬೇಲಿಯೂ ನೆಲಗಳ್ಳತನದ ಬೇಲಿಯೂ ಒಂದೇ ಆಗಿ ಕಂಡವು ಎಂಬುದೇ ನನ್ನ ವಾದವನ್ನು ಗಟ್ಟಿಗೊಳಿಸುತ್ತದೆ. ದನ ಮುಟ್ಟಲು ಬಂದ ಅಧಿಕಾರಿಯಲ್ಲಿ ಜನ ವೈದ್ಯನನ್ನು ಕಾಣುವುದು ಸಾಧ್ಯವೇ ಇರಲಿಲ್ಲ.

ದನಗಾಹಿಗಳನ್ನು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷ್ಯ ಒಂದು ಶತಮಾನದ ನಂತರ ಸಿಕ್ಕಿತು. ದೊಡ್ಡರೋಗ ಕೊನೆಗೆ ಅಡಗಿ ಕುಳಿತದ್ದು ಪೂರ್ವ ಆಫ್ರಿಕಾದ ಗಡಿಸೀಮೆಗಳಲ್ಲಿ, ಸರ್ಕಾರಿ ಪಶುವೈದ್ಯರು ಹೋಗಲಾಗದ ಕಡೆ. ಬಿಸಿಲು ತಾಳುವ ಲಸಿಕೆ ಬಂದಾಗ ಅದನ್ನು ಹೊತ್ತು ನಡೆದವರು ತರಬೇತಿ ಪಡೆದ ದನಗಾಹಿಗಳೇ. ಇಥಿಯೋಪಿಯಾದ ಅಫಾರ್ ಸೀಮೆಯಲ್ಲಿ 1990ರ ದಶಕದ ನಡುವಿನಲ್ಲಿ ಅವರು ಹಾಕಿದ ಲಸಿಕೆ ಅಲ್ಲಿನ ಸೋಂಕನ್ನು ಕೊನೆಗಾಣಿಸಿತು. 2011ರಲ್ಲಿ ಜಗತ್ತು ರಿಂಡರ್‌ಪೆಸ್ಟ್‌ಮುಕ್ತವೆಂದು ಘೋಷಣೆಯಾಯಿತು. ಒಳ್ಳೆಯ ಲಸಿಕೆಯಿಲ್ಲದೆ ಇದು ಆಗುತ್ತಿರಲಿಲ್ಲ, ನಿಜ. ಆದರೆ ಮಂದೆಯವರೆಗೆ ಮುಟ್ಟದ ಲಸಿಕೆ ಯಾವ ದನವನ್ನೂ ಉಳಿಸುವುದಿಲ್ಲ. ಕಾಯಿಲೆ ಬಿದ್ದ ಹಸುವನ್ನು ಎಲ್ಲರಿಗಿಂತ ಮೊದಲು ಕಾಣುವವನು ದನಗಾಹಿ. ಸುದ್ದಿ ಕೊಟ್ಟರೆ ಗುಂಡು ಬರುತ್ತದೆಂದು ತಿಳಿದರೆ ಅವನು ಹಸುವನ್ನು ಬಚ್ಚಿಡುತ್ತಾನೆ. ಔಷಧಿಯೋ ಪರಿಹಾರವೋ ಬರುತ್ತದೆಂದು ನಂಬಿದರೆ ತಾನೇ ಬಂದು ಹೇಳುತ್ತಾನೆ. ಗಡಿಯಲ್ಲಿ ರೋಗ ತಡೆಯಲು ಹೊರಡುವ ಯಾವ ಸರ್ಕಾರವೂ ಮೊದಲು ಗಳಿಸಬೇಕಾದದ್ದು ಆ ನಂಬಿಕೆಯನ್ನು.